ಗಾಳಿ ತಾನೇ ತುಂಬಿಕೊಳ್ಳುವ ಟೈರು: ಯಾರಿಗೆ ಬೇಕು, ಸಿಗದವರು ಏನು ಮಾಡಬೇಕು

ಹೋದ ವರ್ಷ ಆಷಾಢದ ಒಂದು ಶುಕ್ರವಾರ ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆವು. ಆ ದಿನಗಳಲ್ಲಿ ನಮ್ಮ ಗಾಡಿ ಬೆಟ್ಟ ಹತ್ತುವಂತಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು ಬಿಟ್ಟು ಬಸ್ಸು ಹತ್ತಬೇಕು. ದರ್ಶನ ಮುಗಿಸಿ ಇಳಿದು ಬಂದರೆ ಎಡಗಡೆಯ ಹಿಂದಿನ ಟೈರು ನೆಲ ಕಚ್ಚಿ ಕೂತಿತ್ತು. ಸ್ಟೆಪ್ನಿ ಹಾಕಿಕೊಂಡು ಮಂಡ್ಯಕ್ಕೆ ಬಂದು ಗುತ್ತಲು ರಸ್ತೆಯ ಪಂಚರ್ ಅಂಗಡಿಯಲ್ಲಿ ಇಳಿಸಿದೆ. ಅಂಗಡಿಯವನು ಟೈರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವ ಮೊದಲೇ ಉಗುರಿನಿಂದ ಒಂದು ಕಡೆ ಕೆರೆದು ತೋರಿಸಿದ. ಮೊಳೆಯ ತಲೆ ಬಟನ್ನಿನ, ಅಂದರೆ ಟೈರಿನ ನೆಲಕ್ಕೆ ತಾಗುವ ಉಬ್ಬಿನ, ಮಟ್ಟಕ್ಕೇ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.

"ಇದು ಇವತ್ತು ಹೊಡ್ದಿರೋ ಮೊಳೆ ಅಲ್ಲ ಕಣಣ್ಣ. ಇಪ್ಪತ್ ದಿನಾನಾದ್ರೂ ಆಗದೆ. ಗಾಳಿ ಹೊಡಿಸ್ದಾಗ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಆ ಇಪ್ಪತ್ತು ದಿನದಲ್ಲಿ ಮೂರು ಸಲ ಬಂಕಿನಲ್ಲಿ ಗಾಳಿ ಹೊಡೆಸಿದ್ದೆ. ಮೂರು ಸಲವೂ ಹುಡುಗ ಮಿಷನ್ನಿಗೆ 35 ಅಂತ ಒತ್ತಿ, ಪೀಪ್ ಅಂದ ತಕ್ಷಣ ಪೈಪು ಕಿತ್ತು ಮುಂದಿನ ಟೈರಿಗೆ ಹೋಗಿದ್ದ. ಮಿಕ್ಕ ಮೂರು ಟೈರಿಗಿಂತ ಆ ಒಂದಕ್ಕೆ ಎಷ್ಟು ಹೆಚ್ಚು ಹೊತ್ತು ಗಾಳಿ ಹೋಯಿತು ಅಂತ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಯಿಲೆಗೆ ದಿನಾ ಗಂಜಿ ಕುಡಿಸಿದ ಹಾಗಾಯಿತು, ಕಾಯಿಲೆ ಒಳಗೇ ಉಳಿಯಿತು.

ಗಾಳಿ ತಾನೇ ತುಂಬಿಕೊಳ್ಳುವ ಟೈರಿನ ಬಗ್ಗೆ ನಾನು ವಿಚಾರಿಸಲು ಶುರು ಮಾಡಿದ್ದು ಇದರಿಂದ. ವಿಚಾರಿಸುತ್ತಾ ಹೋದಂತೆ ಒಂದು ಸಂಗತಿ ತಿಳಿಯಿತು. ತುಂಬುವುದಕ್ಕೆ ನೂರು ದಾರಿ ಇವೆ, ಆದರೆ ಎಷ್ಟು ತುಂಬಿತು ಅಂತ ಹೇಳದ ಯಂತ್ರ ಆ ಬಂಕಿನ ಹುಡುಗನಿಗಿಂತ ಮೇಲಲ್ಲ. ಕೊಳ್ಳುವವರು, ಮಾಡಿಸುವವರು, ಇದ್ದದ್ದರಲ್ಲೇ ಸುಧಾರಿಸಿಕೊಳ್ಳುವವರು, ಮೂರೂ ಜನ ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಒಳಗೆ ಏನಿದೆ

ಮೊಳೆ ಚುಚ್ಚದಿದ್ದರೂ ಟೈರು ಗಾಳಿ ಬಿಡುತ್ತದೆ. ಹುಟ್ಟುಹಬ್ಬಕ್ಕೆ ಕಟ್ಟಿದ ಬಲೂನು ಮಾರನೇ ದಿನ ಸುಕ್ಕಾಗುವ ಹಾಗೆ, ರಬ್ಬರಿನ ಮೂಲಕವೇ ಗಾಳಿ ನಿಧಾನಕ್ಕೆ ಹೊರಬರುತ್ತದೆ. ಚೆನ್ನಾಗಿರುವ ಕಾರಿನ ಟೈರಿನಲ್ಲೂ ತಿಂಗಳಿಗೆ 1ರಿಂದ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಈ ನಷ್ಟವನ್ನು ಗಾಡಿಯೇ ತುಂಬಿಕೊಳ್ಳಲು ಈವರೆಗೆ ನಾಲ್ಕು ಬಗೆಯ ಉಪಾಯಗಳು ಬಂದಿವೆ.

ಹಳೆಯದು ಮಿಲಿಟರಿಯವರದು. 1942ರಲ್ಲಿ ಅಮೆರಿಕದವರು ನೀರಿನಲ್ಲೂ ನೆಲದಲ್ಲೂ ಓಡುವ 'ಡಕ್' ಎಂಬ ಲಾರಿ ಮಾಡಿದರು. ಮರಳಿಗೆ ಇಳಿದಾಗ ಗಾಳಿ ಇಳಿಸಿ, ಗಟ್ಟಿ ರಸ್ತೆಗೆ ಬಂದಾಗ ಏರಿಸುವುದನ್ನು ಡ್ರೈವರು ಸೀಟಿನಿಂದಲೇ ಮಾಡಬಹುದಿತ್ತು. ಗಾಡಿಯಲ್ಲಿ ಕಂಪ್ರೆಸರ್ ಇರುತ್ತದೆ. ತಿರುಗದ ಆಕ್ಸಲಿನಿಂದ ತಿರುಗುವ ಚಕ್ರಕ್ಕೆ ಗಾಳಿ ದಾಟಿಸುವ ಕೀಲು ಚಕ್ರದ ನಡುಭಾಗವಾದ ಹಬ್ಬಿನಲ್ಲಿರುತ್ತದೆ. ಈ ವ್ಯವಸ್ಥೆಯ ಜೀವವೂ ತಲೆನೋವೂ ಆ ಕೀಲೇ. ಅದರ ಸೀಲು ಸವೆದರೆ ಗಾಳಿ ಅಲ್ಲೇ ಸೋರುತ್ತದೆ. ಇಂದು ಇದೇ ತತ್ವ ಸೇನಾ ವಾಹನಗಳಲ್ಲಿ, ವಿದೇಶದ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಕೆಲಸ ಮಾಡುತ್ತಿದೆ.

ಎರಡನೆಯದು ಲಾರಿಯ ಟ್ರೈಲರಿನದು. ಲಾರಿಯ ಬ್ರೇಕು ನಡೆಯುವುದೇ ಗಾಳಿಯಿಂದ, ಹಾಗಾಗಿ ಕಂಪ್ರೆಸರ್ ಆಗಲೇ ಇದೆ. ಆ ಗಾಳಿಯನ್ನೇ ಟೊಳ್ಳು ಆಕ್ಸಲಿನೊಳಗಿಂದ ಹಬ್ಬಿಗೆ, ಅಲ್ಲಿಂದ ಟೈರಿಗೆ ಕೊಡುತ್ತಾರೆ. ಒಂದು ಅಂಕಿಗೆ ಕಟ್ಟಿಟ್ಟರೆ ಅದಕ್ಕಿಂತ ಇಳಿದ ಟೈರಿಗೆ ತಾನಾಗಿ ಗಾಳಿ ಹೋಗುತ್ತದೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ದೀಪ. ಗಾಳಿ ಹರಿಯುತ್ತಿದ್ದರೆ ಟ್ರೈಲರಿನ ಮುಂಭಾಗದಲ್ಲಿ ಡ್ರೈವರಿಗೆ ಕನ್ನಡಿಯಲ್ಲಿ ಕಾಣುವ ಹಾಗೆ ಅದು ಉರಿಯುತ್ತದೆ. ಹೊತ್ತಿಕೊಂಡು ಆರಿದರೆ ಮಾಮೂಲು ಟಾಪ್‌ಅಪ್. ಉರಿಯುತ್ತಲೇ ಇದ್ದರೆ ಎಲ್ಲೋ ತೂತು. ನನ್ನ ಮೊಳೆಗೆ ಅಂಥದೊಂದು ದೀಪ ಇದ್ದಿದ್ದರೆ ಇಪ್ಪತ್ತು ದಿನ ಆಗುತ್ತಿರಲಿಲ್ಲ.

ಮೂರನೆಯದು ನೋಡಲು ಚೆಂದ. ಎಚ್‌ಎಂಟಿ ಆಟೊಮ್ಯಾಟಿಕ್ ವಾಚು ಕಟ್ಟಿದವರಿಗೆ ಗೊತ್ತು, ಕೈ ಆಡಿದರೆ ಒಳಗಿನ ತೂಕದ ಬಿಲ್ಲೆ ತೂಗಿ ವಾಚು ತಾನೇ ಕೀ ಕೊಟ್ಟುಕೊಳ್ಳುತ್ತದೆ. ಅದನ್ನೇ ತಿರುಗಿಸಿ ಹಾಕಿದ್ದಾರೆ. ಚಕ್ರದ ಹಬ್ಬಿಗೆ ಒಂದು ಡಬ್ಬಿ ಬೋಲ್ಟು ಮಾಡುತ್ತಾರೆ. ಚಕ್ರ ತಿರುಗಿದರೂ ಡಬ್ಬಿಯೊಳಗಿನ ಭಾರ ಕೆಳಮುಖವಾಗಿ ತೂಗಿಕೊಂಡೇ ಇರುತ್ತದೆ. ಈ ಎರಡರ ನಡುವಿನ ಚಲನೆಯಿಂದ ಪುಟ್ಟ ಪಂಪು ನಡೆಯುತ್ತದೆ. ವೈರು ಬೇಡ, ಬ್ರೇಕಿನ ಗಾಳಿ ಬೇಡ. ಅಮೆರಿಕದ ಅಪೀರಿಯಾ ಕಂಪನಿಯ 'ಹೇಲೋ' ಈ ಬಗೆಯದು. ಇದೂ ಭಾರಿ ವಾಹನಗಳಿಗೇ.

ನಾಲ್ಕನೆಯದರಲ್ಲಿ ಮಾತ್ರ ಪಂಪು ಟೈರಿನೊಳಗೇ ಇದೆ. 2011ರಲ್ಲಿ ಗುಡ್‌ಇಯರ್ ಕಂಪನಿ ಇದನ್ನು ಪ್ರಕಟಿಸಿತು. ಟೈರು ರಿಮ್ಮಿಗೆ ಕೂರುವ ಅಂಚಿನ ಹತ್ತಿರ ಸುತ್ತಲೂ ಒಂದು ಸಣ್ಣ ಕೊಳವೆ. ಚಕ್ರ ಉರುಳುವಾಗ ನೆಲಕ್ಕೆ ತಾಗುವ ಭಾಗದಲ್ಲಿ ಆ ಕೊಳವೆ ಅಮುಕಿ ಮುಚ್ಚುತ್ತದೆ. ಅಮುಕಿದ ಜಾಗ ಚಕ್ರದ ಜೊತೆ ಸರಿಯುತ್ತಾ ಮುಂದಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಹಾಲು ಕರೆಯುವಾಗ ಕೆಚ್ಚಲ ತೊಟ್ಟಿನ ಮೇಲ್ಭಾಗವನ್ನು ಹೆಬ್ಬೆರಳಲ್ಲಿ ಒತ್ತಿ ಮಿಕ್ಕ ಬೆರಳುಗಳನ್ನು ಒಂದೊಂದಾಗಿ ಮಡಚುತ್ತೇವಲ್ಲ, ಅದೇ ಕೆಲಸ. ಒತ್ತಡ ಕಡಿಮೆಯಾದಾಗ ಮಾತ್ರ ಒಂದು ವಾಲ್ವು ತೆರೆದು ಹೊರಗಿನ ಗಾಳಿಯನ್ನು ಸೋಸಿ ಒಳಕ್ಕೆ ಬಿಡುತ್ತದೆ. ಕಾರಿನ ಟೈರಿಗೆ ಇಷ್ಟು ಚೊಕ್ಕಟವಾದ ಉಪಾಯ ಇನ್ನೊಂದಿಲ್ಲ. ಆದರೆ ಮೈಸೂರಿನ ಯಾವ ಟೈರು ಅಂಗಡಿಗೆ ಹೋಗಿ ಕೇಳಿದರೂ ನಿಮ್ಮ ಕಾರಿಗೆ ಇಂದು ಇದು ಸಿಗುವುದಿಲ್ಲ. ಮೇಟಗಳ್ಳಿಯ ವಿಕ್ರಾಂತ್ ಕಾರ್ಖಾನೆ, 1997ರಲ್ಲಿ ಜೆಕೆ ಟೈರ್ ಕೈಸೇರಿದ ಅದೇ ಕಾರ್ಖಾನೆ, ಇರುವ ಊರಿನಲ್ಲೂ ಇಲ್ಲ.

ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ. 'ಸೆಲ್ಫ್ ಸೀಲಿಂಗ್' ಅಂತ ತೋರಿಸಿದರೆ ಅದು ಬೇರೆ. ಅದರೊಳಗೆ ಅಂಟು ಬಳಿದಿರುತ್ತಾರೆ, ಮೊಳೆಯ ತೂತನ್ನು ಅದು ಮುಚ್ಚುತ್ತದೆ, ಗಾಳಿ ತುಂಬುವುದಿಲ್ಲ. ಗಾಳಿಯೇ ಇಲ್ಲದ ಟೈರು ಮತ್ತೂ ಬೇರೆ.

ನಿಮ್ಮ ಗಾಡಿಗೆ ಇದು ಬೇಕೆ

ಎಳೆಯುವ ಲಾರಿ, ಉದ್ದ ಟ್ರೈಲರು ಇಟ್ಟುಕೊಂಡು ಬಾಡಿಗೆ ಓಡಿಸುವವರಾದರೆ ಯೋಚಿಸಿ. ಜೋಡಿ ಚಕ್ರದ ಒಳಗಡೆ ಟೈರಿನ ವಾಲ್ವಿಗೆ ಕೈ ಹಾಕುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ಕ್ಲೀನರ್ ಹುಡುಗ ರಾಡಿನಲ್ಲಿ ಟಣ್ ಟಣ್ ಅಂತ ಬಡಿದು "ಸರಿ ಇದೆ" ಅಂದುಬಿಡುತ್ತಾನೆ. ಆ ಸದ್ದು ಪೂರ್ತಿ ಚಪ್ಪಟೆಯಾದ ಟೈರನ್ನು ತೋರಿಸುತ್ತದೆ ಅಷ್ಟೆ, 100 ಇರಬೇಕಾದಲ್ಲಿ 80 ಇರುವುದನ್ನು ತೋರಿಸುವುದಿಲ್ಲ. ಮಾರುವವರ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಇವು: ಬ್ರೇಕಿನ ಟ್ಯಾಂಕಿನಲ್ಲಿ ಒತ್ತಡ ಇಳಿದರೆ ಟೈರಿನ ಲೈನು ತಾನಾಗಿ ಮುಚ್ಚಿಕೊಳ್ಳುವ ವಾಲ್ವು ಇದೆಯೇ? ಒಂದು ಟೈರು ಸಿಡಿದರೆ ಮಿಕ್ಕವುಗಳ ಗಾಳಿ ಅದರ ದಾರಿಯಲ್ಲಿ ಹೊರಹೋಗದಂತೆ ತಡೆ ಇದೆಯೇ? ಗಾಳಿ ಹರಿಯುವುದನ್ನು ತೋರಿಸುವ ದೀಪ ಇದೆಯೇ? ಹಬ್ಬಿನ ಸೀಲು ಹೋದರೆ ಎಲ್ಲಿ, ಯಾರು ಬದಲಾಯಿಸುತ್ತಾರೆ? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕಬ್ಬಿನ ಟ್ರ್ಯಾಕ್ಟರಿನವರದು ಬೇರೆ ಕಥೆ. ಹೊಲದ ಮಣ್ಣಿನಲ್ಲಿ ಗಾಳಿ ಕಡಿಮೆ ಇದ್ದರೆ ಟೈರು ಅಗಲವಾಗಿ ಊರಿ ಹಿಡಿತ ಸಿಗುತ್ತದೆ, ಮಣ್ಣು ಗಟ್ಟಿಯಾಗುವುದೂ ಕಡಿಮೆ. ಕಾರ್ಖಾನೆ ದಾರಿಯಲ್ಲಿ ಲೋಡು ಎಳೆಯುವಾಗ ಗಾಳಿ ಹೆಚ್ಚು ಬೇಕು. ಸೀಟಿನಿಂದಲೇ ಏರಿಸಿ ಇಳಿಸುವ ವ್ಯವಸ್ಥೆ ನಿಜವಾಗಿ ಬೇಕಾಗಿರುವುದು ಇವರಿಗೇ. ಅಡ್ಡಿ ಎರಡು. ನಮ್ಮ ಕಡೆಯ ಟ್ರೈಲರುಗಳಲ್ಲಿ ಗಾಳಿ ಬ್ರೇಕು ಇಲ್ಲದಿದ್ದರೆ ಗಾಳಿಯ ಮೂಲವೇ ಇಲ್ಲ, ಕಂಪ್ರೆಸರ್ ಬೇರೆ ಕೂರಿಸಬೇಕು. ಇನ್ನೊಂದು, ಹಿಡಿತಕ್ಕೆ ಅಂತ ಹಿಂದಿನ ದೊಡ್ಡ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿರುತ್ತಾರೆ. ಗಾಳಿ ಇಳಿಸಲು ಹೋದರೆ ಪೈಪಿನಲ್ಲಿ ನೀರು ಬರುತ್ತದೆ. ಗದ್ದೆಗೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಇಳಿಸುವವರಿಗಂತೂ ಈ ಖರ್ಚು ದಂಡ.

ಕಾರು, ಸ್ಕೂಟರಿನವರು ಕಾಯುತ್ತಾ ಕೂರುವ ಅಗತ್ಯವಿಲ್ಲ. ಆ ಟೈರು ಮಾಡುವುದು ಮೂರೇ ಕೆಲಸ: ಅಳೆಯುವುದು, ಕಡಿಮೆಯಾದರೆ ತುಂಬುವುದು, ಸಾಕಾದಾಗ ನಿಲ್ಲಿಸುವುದು. ಈ ಮೂರನ್ನೂ ಮನೆಯಂಗಳದಲ್ಲಿ ಮಾಡಿಕೊಳ್ಳಬಹುದು. ಹೇಗೆಂದು ಕ್ರಮವಾಗಿ ಹೇಳುತ್ತೇನೆ.

ಹೆಜ್ಜೆ 1: ನಿಮ್ಮ ಗಾಡಿಯ ಅಂಕಿ ಹುಡುಕಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಅದರಲ್ಲಿ ಇಬ್ಬರಿದ್ದಾಗ ಎಷ್ಟು, ಗಾಡಿ ತುಂಬ ಜನ ಮತ್ತು ಲಗೇಜು ಇದ್ದಾಗ ಎಷ್ಟು, ಮುಂದಿನ ಚಕ್ರಕ್ಕೆಷ್ಟು, ಹಿಂದಿನದಕ್ಕೆಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ನನ್ನ ಕಾರಿಗೆ 33, ಐದು ಜನ ಕೂತರೆ ಹಿಂದಕ್ಕೆ 36. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಇದಲ್ಲ, ಅದು ಟೈರು ತಡೆಯುವ ಗರಿಷ್ಠ. ಅದನ್ನು ನೋಡಿ ತುಂಬಿಸಿದರೆ ನಡುವಿನ ಬಟನ್ ಮಾತ್ರ ಸವೆಯುತ್ತದೆ, ಮಳೆಯಲ್ಲಿ ಬ್ರೇಕು ಹಿಡಿಯುವುದಿಲ್ಲ. ಕಡಿಮೆ ಇದ್ದರೆ ಎರಡೂ ಅಂಚು ಸವೆಯುತ್ತವೆ. ಒಂದೇ ಅಂಚು ಸವೆದಿದ್ದರೆ ಅದು ಗಾಳಿಯ ದೋಷವಲ್ಲ, ಅಲೈನ್‌ಮೆಂಟು ನೋಡಿಸಿ.

ಬಾರ್ ಲೆಕ್ಕದಲ್ಲಿ ಬರೆದಿದ್ದರೆ 14.5ರಿಂದ ಗುಣಿಸಿ. 2.3 ಬಾರ್ ಅಂದರೆ ಸುಮಾರು 33.

ಹೆಜ್ಜೆ 2: ತಣ್ಣಗಿದ್ದಾಗ ಅಳೆಯಿರಿ

ಎಲ್ಲರೂ ತಪ್ಪುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಸ್ಟಿಕ್ಕರಿನ ಅಂಕಿ ತಣ್ಣಗಿರುವ ಟೈರಿನದು. ಅಂದರೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಇಲ್ಲವೇ ನಿಲ್ಲಿಸಿ ಮೂರು ಗಂಟೆ ಕಳೆದ ಮೇಲೆ. ಮಂಡ್ಯದಿಂದ ಹೊರಟು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಟೈರು ಬಿಸಿಯಾಗಿ 4 ಪಿಎಸ್‌ಐ ಏರಿರಬಹುದು. ಅಲ್ಲಿನ ಬಂಕಿನಲ್ಲಿ ನೋಡಿ "ಅಯ್ಯೋ, ಜಾಸ್ತಿ ಇದೆ" ಅಂತ ಗಾಳಿ ಬಿಡಿಸಿದರೆ ಮಾರನೇ ಬೆಳಿಗ್ಗೆ ಕಡಿಮೆ ಇರುತ್ತದೆ. ಬಿಸಿ ಟೈರಿನಿಂದ ಯಾವತ್ತೂ ಗಾಳಿ ಬಿಡಬೇಡಿ. ಬಿಸಿಯಿದ್ದಾಗಲೇ ಸ್ಟಿಕ್ಕರಿನ ಅಂಕಿಗಿಂತ ಕಡಿಮೆ ತೋರಿಸಿದರೆ ನಿಜವಾಗಿ ಇನ್ನೂ ಕಡಿಮೆ ಇದೆ ಅಂತ ಅರ್ಥ. ಆಗ ಅಂಕಿಗಿಂತ 4 ಹೆಚ್ಚು ಹೊಡೆಸಿ ಮನೆಗೆ ಬಂದು, ಬೆಳಿಗ್ಗೆ ಅಳೆದು ಸರಿಪಡಿಸಿಕೊಳ್ಳಿ.

ಹವೆಯ ಲೆಕ್ಕವೂ ಇದೆ. ಉಷ್ಣಾಂಶ ಐದೂವರೆ ಡಿಗ್ರಿ ಬದಲಾದರೆ ಕಾರಿನ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಬದಲಾಗುತ್ತದೆ. ಏಪ್ರಿಲ್‌ನ ಮಧ್ಯಾಹ್ನ 35 ಡಿಗ್ರಿಯಲ್ಲಿ 33 ತುಂಬಿಸಿದ ಟೈರು, ಏನೂ ಸೋರದಿದ್ದರೂ, 16 ಡಿಗ್ರಿಯ ಜನವರಿ ಬೆಳಿಗ್ಗೆ 30 ತೋರಿಸುತ್ತದೆ. ಸಂಕ್ರಾಂತಿ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂದರೆ ಪಂಚರ್ ಅಂತ ಗಾಬರಿಯಾಗುವ ಮೊದಲು ಇದನ್ನು ನೆನೆಸಿಕೊಳ್ಳಿ.

ಊಟಿಗೆ ಹೋಗುವವರು ಕೇಳುತ್ತಿರುತ್ತಾರೆ, ಮೇಲೆ ಹೋದರೆ ಗಾಳಿ ಇಳಿಸಬೇಕೇ ಅಂತ. ಮೈಸೂರು 770 ಮೀಟರಿನ ಆಸುಪಾಸು, ಊಟಿ 2,240. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮೀಟರು ಸುಮಾರು 2 ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ ಅಲ್ಲಿನ ಚಳಿ ಅಷ್ಟನ್ನೇ ಇಳಿಸುತ್ತದೆ. ಲೆಕ್ಕ ಚುಕ್ತಾ. ಏನೂ ಮಾಡಬೇಡಿ.

ಹೆಜ್ಜೆ 3: ಸ್ವಂತ ಮೀಟರು, ಸ್ವಂತ ಪಂಪು

ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂಬ ನಿಯಮವಿದೆ, ಬಳಸಿಕೊಳ್ಳಿ. ಆದರೆ ಬಂಕಿಗೆ ಹೋಗುವಷ್ಟರಲ್ಲಿ ಟೈರು ಬಿಸಿ, ಹಿಂದೆ ಕ್ಯೂ, ಹುಡುಗನಿಗೆ ಎಲ್ಲ ಕಾರೂ 35. ನನ್ನ ಅಭಿಪ್ರಾಯದಲ್ಲಿ ಕಾರಿಗೆ ಹಾಕಿಸುವ ಸೀಟ್ ಕವರಿನ ಅರ್ಧ ದುಡ್ಡು ಇಲ್ಲಿ ಹಾಕುವುದು ಲೇಸು.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಪಂಪು ತೆಗೆದುಕೊಳ್ಳಿ. ಬೇಕಾದ ಅಂಕಿ ಒತ್ತಿಟ್ಟರೆ ಅಲ್ಲಿಗೆ ಬಂದಾಗ ತಾನೇ ನಿಲ್ಲುವಂಥದ್ದೇ ಆಗಬೇಕು. ತುಂಬುವಾಗ ಎಂಜಿನ್ ಚಾಲೂ ಇರಲಿ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ಶೆಡ್ಡಿನೊಳಗೆ ಬಾಗಿಲು ಮುಚ್ಚಿಕೊಂಡು ಮಾತ್ರ ಇದನ್ನು ಮಾಡಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ. 28ರಿಂದ 33ಕ್ಕೆ ಏರಿಸಲು ಕೆಲವು ನಿಮಿಷ ಬೇಕು. ಹತ್ತು ನಿಮಿಷಕ್ಕಿಂತ ಒಂದೇ ಸಮ ಓಡಿಸಿದರೆ ಪಂಪಿನ ತಲೆ ಕಾಯುತ್ತದೆ, ಬಿಟ್ಟು ಬಿಟ್ಟು ಓಡಿಸಿ. ಪೈಪಿನ ಹಿತ್ತಾಳೆ ತುದಿಯನ್ನು ತಕ್ಷಣ ಬರಿಗೈಲಿ ಮುಟ್ಟಿದರೆ ಚುರುಕ್ ಅನ್ನುತ್ತದೆ. ನಾನು ಎರಡು ಸಲ ಸುಟ್ಟುಕೊಂಡಿದ್ದೇನೆ.

ಪಂಪಿನ ಮೀಟರನ್ನು ಪೂರ್ತಿ ನಂಬದೆ ಕೈಯಲ್ಲಿ ಹಿಡಿಯುವ ಸಣ್ಣ ಮೀಟರೂ ಒಂದಿರಲಿ. ಎರಡೂ ಒಂದೇ ಅಂಕಿ ತೋರಿಸದಿದ್ದರೆ ಚಿಂತೆಯಿಲ್ಲ, ವ್ಯತ್ಯಾಸ ಪ್ರತಿಸಲ ಅಷ್ಟೇ ಇದ್ದರೆ ಸಾಕು.

ಅಳೆದಾದ ಮೇಲೆ ಹಳ್ಳಿಯ ಸೈಕಲ್ ಶಾಪಿನವರು ಮಾಡುವುದನ್ನು ಮಾಡಿ: ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರಿ. ಒಂದು ಗುಳ್ಳೆ ಉಬ್ಬಿ ಒಡೆದು ಮತ್ತೆ ಉಬ್ಬಿದರೆ ವಾಲ್ ಪಿನ್ನು ಸಡಿಲ. ತಿರುಗಿಸಿ ಬಿಗಿ ಮಾಡಿದರೆ ನಿಂತರೆ ನಿಂತಿತು, ಇಲ್ಲವಾದರೆ ಪಿನ್ನು ಬದಲಾಯಿಸಿ, ಕೆಲವು ರೂಪಾಯಿಯ ಮಾತು. ಎಂಜಲು ಬೇಡ ಅನ್ನುವವರು ಸೋಪಿನ ನೀರು ಬಳಸಿ. ವಾಲ್ವಿನ ಟೋಪಿ ಮರೆಯದೆ ಹಾಕಿ, ಇಲ್ಲವಾದರೆ ಮಣ್ಣು ಒಳಗೆ ಕೂತು ಪಿನ್ನು ಹಾಳಾಗುತ್ತದೆ.

ಹೆಜ್ಜೆ 4: ಕಾವಲಿಗೆ ಸೆನ್ಸರು

ಒತ್ತಡ ತೋರಿಸುವ ಟಿಪಿಎಂಎಸ್ ನಿಮ್ಮ ಕಾರಿನಲ್ಲಿ ಇದ್ದರೆ ಅದು ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಪರದೆಯ ಮೇಲೆ ನಾಲ್ಕು ಚಕ್ರಕ್ಕೂ ಅಂಕಿ ಬಂದರೆ ಚಕ್ರದೊಳಗೆ ಸೆನ್ಸರು ಇದೆ. ಅಂಕಿ ಇಲ್ಲದೆ ದೀಪ ಮಾತ್ರ ಇದ್ದರೆ ಅದು ಬಹುಶಃ ಎಬಿಎಸ್ (ಬ್ರೇಕು ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನಿಂದ ಅಂದಾಜು ಕಟ್ಟುವ ಬಗೆ. ಗಾಳಿ ಇಳಿದ ಚಕ್ರದ ಸುತ್ತಳತೆ ಕಿರಿದಾಗಿ ಮಿಕ್ಕವಕ್ಕಿಂತ ವೇಗವಾಗಿ ತಿರುಗುತ್ತದೆ, ಅದನ್ನು ಹಿಡಿಯುತ್ತದೆ. ನಾಲ್ಕೂ ಟೈರು ಒಟ್ಟಿಗೆ ಇಳಿದರೆ ಇದಕ್ಕೆ ಸುಲಭವಾಗಿ ಗೊತ್ತಾಗುವುದಿಲ್ಲ. ಗಾಳಿ ಹೊಡೆಸಿದ ಮೇಲೆ ರೀಸೆಟ್ ಒತ್ತದಿದ್ದರೆ ಹಳೆಯ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ.

ದೀಪ ಬಂದಿಲ್ಲ ಅಂದರೆ ಎಲ್ಲ ಸರಿ ಅಂತಲ್ಲ. ಅಮೆರಿಕದ ನಿಯಮದಲ್ಲಿ ಎಚ್ಚರಿಕೆ ಕೊಡಬೇಕಾಗಿರುವುದು ನಿಗದಿಗಿಂತ ಶೇ 25 ಇಳಿದಾಗ. ಅಂದರೆ 33 ಇರಬೇಕಾದ ಟೈರು 25ಕ್ಕೆ ಬರುವವರೆಗೂ ದೀಪ ಸುಮ್ಮನಿರಬಹುದು. ನಮ್ಮಲ್ಲಿ 2020ರ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ಪಂಚರ್ ಕಿಟ್ ಕೊಟ್ಟರೆ ಸ್ಟೆಪ್ನಿ ಇಲ್ಲದೆಯೇ ಕಾರು ಮಾರಬಹುದು. ಹೊಸ ಕಾರು ಕೊಳ್ಳುವಾಗ ಡಿಕ್ಕಿಯ ತಳ ಎತ್ತಿ ನೋಡಿ.

ಸೆನ್ಸರು ಇಲ್ಲದ ಕಾರಿಗೆ ವಾಲ್ವಿನ ಟೋಪಿಯ ಜಾಗಕ್ಕೆ ತಿರುಗಿಸಿ ಹಾಕುವ ಸೆನ್ಸರುಗಳು ಸಿಗುತ್ತವೆ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಗಿಂತ ಸಣ್ಣ ಪರದೆ. ನಾನು ಹಾಕಿಸಿರುವುದು ಇದೇ. ಗುಂಡಿ ಸೆಲ್ಲು ಆಗಾಗ ಬದಲಿಸಬೇಕು. ಯಾರಾದರೂ ಬಿಚ್ಚಿಕೊಂಡು ಹೋಗದ ಹಾಗೆ ಜೊತೆಗೆ ಕೊಡುವ ನಟ್ಟು ಬಿಗಿಯಬೇಕು. ವಾಲ್ವಿನ ರಬ್ಬರಿನ ಕತ್ತು ಹಳೆಯದಾಗಿದ್ದರೆ ಸೆನ್ಸರಿನ ಭಾರಕ್ಕೆ ಬುಡದಲ್ಲಿ ಬಿರಿಯುತ್ತದೆ. ಹಾಕಿಸುವ ಮೊದಲು ಕತ್ತನ್ನು ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೆ ಅದನ್ನು ಮೊದಲು ಬದಲಾಯಿಸಿ.

ಹೆಜ್ಜೆ 5: ಬರೆದಿಡಿ

ಹದಿನೈದು ದಿನಕ್ಕೊಮ್ಮೆ, ಗಾಳಿ ತುಂಬುವ *ಮೊದಲು* ಎಷ್ಟಿತ್ತು ಅಂತ ನಾಲ್ಕೂ ಚಕ್ರದ್ದು ಬರೆಯಿರಿ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತೇವೆ: 32, 32, 28, 32. ಮೂರನೆಯದನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ. ನಾಲ್ಕೂ ಒಂದೇ ಸಮ ಇಳಿದಿದ್ದರೆ ಹವೆ, ಇಲ್ಲವೇ ರಬ್ಬರಿನ ಸಹಜ ಗುಣ. ಒಂದೇ ಹೆಚ್ಚು ಇಳಿದಿದ್ದರೆ ಅದಕ್ಕೆ ಗಾಳಿ ತುಂಬಿ ಸುಮ್ಮನಾಗಬೇಡಿ, ಅಂಗಡಿಗೆ ಕೊಂಡುಹೋಗಿ. ಮೊಳೆ ಸಿಗದಿದ್ದರೆ ರಿಮ್ಮಿನ ಅಂಚು ನೋಡಲು ಹೇಳಿ. ಗುಂಡಿಗೆ ಬಿದ್ದು ಸೊಟ್ಟಗಾಗಿರಬಹುದು, ತುಕ್ಕು ಹಿಡಿದಿರಬಹುದು. ನೀರಿನ ತೊಟ್ಟಿಯಲ್ಲಿ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬಂದರೆ ಅದೇ.

ಬಟನ್ನಿನ ನಡುವಿನ ತೂತಿಗೆ ಹೊರಗಿನಿಂದ ಸ್ಟ್ರಿಪ್ ತುರುಕುವುದು ದಾರಿಗೆ ಸಾಕು. ಎಕ್ಸ್‌ಪ್ರೆಸ್‌ವೇಯಲ್ಲಿ ದಿನಾ ಓಡುವವರು ಟೈರು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸಿ. ಪಕ್ಕೆಗೆ ತೂತಾದರೆ ಪ್ಯಾಚ್ ಮಾತೇ ಇಲ್ಲ, ಟೈರು ಬದಲು.

ನೈಟ್ರೋಜನ್ ಹೊಡೆಸಿದರೆ ಇದೆಲ್ಲ ಬೇಡ ಅನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಸೋರುವುದು ಸ್ವಲ್ಪ ನಿಧಾನವಾಗಬಹುದು, ತೇವ ಕಡಿಮೆ ಇರುತ್ತದೆ. ಆದರೆ ಮೊಳೆಗೆ ಅದು ನೈಟ್ರೋಜನ್ನೋ ಮಾಮೂಲಿ ಗಾಳಿಯೋ ಗೊತ್ತಾಗುವುದಿಲ್ಲ.

ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ

ಮೈಲೇಜಿಗೋಸ್ಕರ ಗಾಳಿ ನೋಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸಣ್ಣ ಕಾರಣ. ನಾಲ್ಕೂ ಟೈರಿನಲ್ಲಿ 1 ಪಿಎಸ್‌ಐ ಇಳಿದರೆ ಇಂಧನ ಹೆಚ್ಚುವುದು ಸುಮಾರು ಶೇ 0.2 ಮಾತ್ರ. ದೊಡ್ಡ ಕಾರಣ ಶಾಖ. ಗಾಳಿ ಕಡಿಮೆ ಇರುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ 100. ಆ ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸಲ ಸುತ್ತುತ್ತದೆ. ಹಳೇ ರಸ್ತೆಯಲ್ಲಿ ಮದ್ದೂರಲ್ಲಿ ವಡೆಗೆ ನಿಲ್ಲಿಸಿ, ರಾಮನಗರದಲ್ಲಿ ಕಾಫಿಗೆ ನಿಲ್ಲಿಸಿ ಹೋಗುತ್ತಿದ್ದಾಗ ಟೈರಿಗೂ ಆರಲು ಪುರುಸೊತ್ತು ಸಿಗುತ್ತಿತ್ತು. ಈಗ ಸಿಗುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ತಣ್ಣಗಿರುವಾಗ ಅಳೆದು, ಜನ ಮತ್ತು ಲಗೇಜಿನ ಲೆಕ್ಕಕ್ಕೆ ತಕ್ಕ ಅಂಕಿಗೆ ತನ್ನಿ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 1819 ಅಂದರೆ 2019ನೇ ಇಸವಿಯ ಹದಿನೆಂಟನೇ ವಾರ ತಯಾರಾದದ್ದು. ಬಟನ್ ಚೆನ್ನಾಗಿದ್ದರೂ ರಬ್ಬರು ಮುದುಕಾಗಿ ಪಕ್ಕೆಯಲ್ಲಿ ಬಿರುಕು ಬಿಟ್ಟಿದ್ದರೆ ಆ ಟೈರನ್ನು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಬೇಡಿ. ಕಾರಿಗೆ ಬಟನ್ನಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನಲ್ಲೂ ತಪ್ಪು. ಗೆರೆಗಳ ತಳದಲ್ಲಿ ಅಡ್ಡಡ್ಡ ಇರುವ ಸಣ್ಣ ದಿಮ್ಮಿ ಬಟನ್ನಿನ ಮಟ್ಟಕ್ಕೆ ಬಂದಿದ್ದರೆ ಆ ಹಂತ ತಲುಪಿದಿರಿ.

ಸ್ಕೂಟರು, ಬೈಕಿಗೆ ಈ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ. ಆದರೂ ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ದಿನ ಹಿಂದಿನ ಟೈರಿನ ಅಂಕಿ ಬೇರೆ ಅನ್ನುವುದು ನೆನಪಿರಲಿ.

ಟ್ರ್ಯಾಕ್ಟರ್, ಲಾರಿಗೆ ಕೈಯಲ್ಲೇ ತುಂಬುವವರಿಗೆ

ನೀರು ತುಂಬಿದ ಟ್ರ್ಯಾಕ್ಟರ್ ಟೈರನ್ನು ಅಳೆಯುವಾಗ ವಾಲ್ವು ಮೇಲ್ಗಡೆ ಬರುವಂತೆ ಚಕ್ರ ನಿಲ್ಲಿಸಿ. ಕೆಳಗಿದ್ದರೆ ನೀರು ಮೀಟರಿನೊಳಕ್ಕೆ ನುಗ್ಗುತ್ತದೆ, ಅಂಕಿಯೂ ತಪ್ಪು ಬರುತ್ತದೆ. ಹಿಂದಿನ ದೊಡ್ಡ ಟೈರಿಗೆ ಹೊಲದಲ್ಲಿ ಬೇಕಾದ ಗಾಳಿ ಕಾರಿನ ಅರ್ಧವೂ ಇಲ್ಲ, 12ರ ಆಸುಪಾಸು. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುವುದನ್ನೇ ಹಿಡಿಯಿರಿ. ಕಬ್ಬಿನ ಟ್ರೈಲರಿಗೆ "ಹೊಡಿ ಹೊಡಿ, ಲೋಡ್ ಜಾಸ್ತಿ ಅದೆ" ಅಂತ ಮಿತಿಮೀರಿ ಹೊಡೆಸುತ್ತಾರೆ. ಟೈರು ಹೊರಬೇಕಾದ ಭಾರಕ್ಕೆ ಒಂದು ಮಿತಿ ಇದೆ, ಗಾಳಿ ಹೆಚ್ಚಿಸಿದರೆ ಆ ಮಿತಿ ಏರುವುದಿಲ್ಲ.

ಲಾರಿಯ ಹಳೆಯ ಬಗೆಯ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವ ಕಬ್ಬಿಣದ ರಿಂಗು ಇರುತ್ತದೆ. ಗಾಳಿ ತುಂಬುವಾಗ ಅದು ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಎಗರುತ್ತದೆ. ರಿಂಗಿನ ಎದುರಿಗೆ ಕೂತು ಎಂದೂ ಗಾಳಿ ಹೊಡೆಯಬೇಡಿ. ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್ಪು, ಉದ್ದನೆಯ ಪೈಪು ಹಾಕಿ ಬಟನ್ನಿನ ಕಡೆಗೆ, ದೂರ ನಿಲ್ಲಿ. ಟೈರಿನ ಮೇಲೆ ಕಾಲಿಟ್ಟುಕೊಂಡು ಹೊಡೆಯುವ ಹುಡುಗರನ್ನು ನೋಡಿದ್ದೇನೆ, ಕರೆದು ಬೈದಿದ್ದೇನೆ.

ಕೊನೆಗೆ ಸ್ಟೆಪ್ನಿ

ಯಾವ ಸೆನ್ಸರೂ, ಯಾವ ಸ್ವಯಂಚಾಲಿತ ವ್ಯವಸ್ಥೆಯೂ ಸಾಮಾನ್ಯವಾಗಿ ಕಾಯದ ಟೈರು ಇದೊಂದೇ. ನಾಲ್ಕನ್ನು ಅಳೆದ ಮೇಲೆ ಡಿಕ್ಕಿ ತೆಗೆದು ಐದನೆಯದನ್ನೂ ಅಳೆಯಿರಿ. ಪೂರ್ಣ ಗಾತ್ರದ್ದಾದರೆ ಲೋಡಿನ ಅಂಕಿಗೇ ತುಂಬಿಟ್ಟರೆ ಒಳ್ಳೆಯದು, ಬೇಕಾದ ದಿನ ಇಳಿಸಿಕೊಳ್ಳಬಹುದು. ತೆಳ್ಳನೆಯ ತಾತ್ಕಾಲಿಕ ಚಕ್ರವಾದರೆ ಅದರ ಒತ್ತಡ ಅದರ ಮೇಲೇ ಬರೆದಿರುತ್ತದೆ, ಕೆಲವಕ್ಕೆ 60 ಪಿಎಸ್‌ಐ. ಅದನ್ನು ಹಾಕಿಕೊಂಡು 80ರ ಮೇಲೆ ಓಡಿಸುವಂತಿಲ್ಲ.

ಆ ಶುಕ್ರವಾರ ಹೆಲಿಪ್ಯಾಡ್ ಮೈದಾನದಲ್ಲಿ ನನ್ನ ಸ್ಟೆಪ್ನಿಯಲ್ಲಿ ಇದ್ದದ್ದು 14. ಪಕ್ಕದಲ್ಲಿ ನಿಲ್ಲಿಸಿದ್ದ ನಂಜನಗೂಡಿನ ಕುಟುಂಬದವರು ಡಿಕ್ಕಿಯಿಂದ ಕಾಲಲ್ಲಿ ಒತ್ತುವ ಪಂಪು ತೆಗೆದುಕೊಟ್ಟರು. ಅವರ ಮನೆಯ ಅಜ್ಜಿ ಪ್ರಸಾದದ ಹೂ ಹಿಡಿದುಕೊಂಡೇ "ಇನ್ನೊಂದಿಪ್ಪತ್ತು ಒತ್ತಪ್ಪ" ಅಂತ ಎಣಿಸುತ್ತಿದ್ದರು.